ಎರಡು ಬೆರಳಷ್ಟು ಸಡಿಲ

ತಪ್ಪು ಯಾರದ್ದು ಎಂದು ಯಾರಾದರೂ ಕೇಳಿದ ಕೂಡಲೇ 'ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಹೇಳುವುದು ಒಂದು ವಿದ್ಯೆ. ಈ ವಿದ್ಯೆಯಲ್ಲಿ ನಾನು ಪಳಗಿದವನು. ಮೂವತ್ತೊಂದು ವರ್ಷ ಒಂದು ಪಂಚಾಯತ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಮೇಜಿಗೆ ಬರುತ್ತಿದ್ದದ್ದು ಹೆಚ್ಚಾಗಿ ರಸ್ತೆಯ ಅಪೇಕ್ಷೆಗಳು. ನಮ್ಮ ಕಾಸರಗೋಡಿನಲ್ಲಿ ಅರ್ಜಿಗೆ ಅಪೇಕ್ಷೆ ಎನ್ನುತ್ತಾರೆ. ಮಲಯಾಳದ ದಾರಿಯಾಗಿ ನಮಗೆ ಬಂದ ಮಾತು. ಹೊಂಡ ಬಿದ್ದಿದೆ, ಮೋರಿ ಕುಸಿದಿದೆ, ಚರಂಡಿಯ ನೀರು ಜಗಲಿಗೆ ಬರುತ್ತದೆ ಎಂದು ಜನ ಬರೆದು ತರುತ್ತಿದ್ದರು. ನಾನು ಓದಿ, ಸೀಲು ಹೊಡೆದು, ಈ ರಸ್ತೆ ಲೋಕೋಪಯೋಗಿಯವರದ್ದು, ಆ ರಸ್ತೆ ಹೈವೇಯವರದ್ದು, ಮತ್ತೊಂದು ಖಾಸಗಿ ಜಾಗ ಎಂದು ಉತ್ತರ ಬರೆಯುತ್ತಿದ್ದೆ. ಸುಳ್ಳು ಬರೆದವನಲ್ಲ. ಹೊಂಡ ಇರುವುದನ್ನು ಒಪ್ಪಿಕೊಂಡೇ ಅದನ್ನು ಪಕ್ಕದವರ ಅಂಗಳಕ್ಕೆ ಸರಿಸುತ್ತಿದ್ದೆ ಅಷ್ಟೆ. ನಿವೃತ್ತನಾಗಿ ಮೂರು ವರ್ಷವಾಯಿತು. ಕುರ್ಚಿ ಬಿಟ್ಟೆ, ಚಾಳಿ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ; ಕಚೇರಿಯ ಗುಣವೂ ಹಾಗೆಯೇ ಎಂದು ನನ್ನ ಅನುಭವ.

ಈ ಚಾಳಿಗೆ ನೀರೆರೆದದ್ದು ಹೈವೇಯ ಕೆಲಸ. ತಲಪಾಡಿಯಿಂದ ಈಚೆಗೆ ಆರು ಪಥದ ರಸ್ತೆಗಾಗಿ ಅಗೆಯಲು ಸುರುಮಾಡಿದ ಮೇಲೆ ನಮ್ಮ ಕಡೆಯವರಿಗೆಲ್ಲ ಸಕಲ ಸಂಕಟಗಳಿಗೂ ಒಂದೇ ಕಾರಣ ಸಿಕ್ಕಿತು. ಸೊಂಟ ನೋವು ಬಂದರೆ ರಸ್ತೆ. ಕೆಮ್ಮು ಬಂದರೆ ರಸ್ತೆಯ ಧೂಳು. ಮದುವೆಗೆ ತಡವಾಗಿ ಹೋದರೆ ರಸ್ತೆ, ಹೋಗದೇ ಇದ್ದರೂ ರಸ್ತೆ. ನಿನ್ನೆ ಎಡಕ್ಕೆ ತಿರುಗುತ್ತಿದ್ದ ದಾರಿ ಇವತ್ತು ಬಲಕ್ಕೆ ತಿರುಗುತ್ತಿತ್ತು, ನಾಳೆ ಅಲ್ಲಿ ದಾರಿಯೇ ಇರುತ್ತಿರಲಿಲ್ಲ. ಕಾರಿನೊಳಗೆ ಎಂಥ ಶಬ್ದ ಬಂದರೂ ಯಾರೂ ಗ್ಯಾರೇಜಿನ ಕಡೆ ಹೋಗುತ್ತಿರಲಿಲ್ಲ. "ಮೊದಲು ರಸ್ತೆ ಸರಿಯಾಗ್ಲಿ ಮಾರಾಯ, ಮತ್ತೆ ಕಾರು ನೋಡುವ" ಎನ್ನುವುದು ಮಂಗಲ್ಪಾಡಿಯಿಂದ ಮಂಜೇಶ್ವರದವರೆಗೆ ನಾಲ್ಕು ಭಾಷೆಗಳಲ್ಲೂ ಕೇಳಿಬರುತ್ತಿದ್ದ ಮಾತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ನೆಲ ನಿಜವಾಗಿಯೂ ಡೊಂಕಾಗಿದ್ದುದರಿಂದ ಕುಣಿತದ ವಿಷಯ ಯಾರೂ ಎತ್ತಲಿಲ್ಲ.

ನನ್ನ ಹೆಂಡತಿ ವನಜಾಕ್ಷಿ ಬಾಯಾರಿನ ಕಡೆಯ ಒಂದು ಎಲ್.ಪಿ. ಶಾಲೆಯಲ್ಲಿ ಟೀಚರ್ ಆಗಿದ್ದಳು. ಉಪ್ಪಳದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ಸಂಜೆ ಚಪ್ಪಲಿ ಕಳಚಿ, ಪಾದದಲ್ಲಿ ಪಟ್ಟಿಯ ಅಚ್ಚು ಆಳವಾಗಿ ಕೂತದ್ದನ್ನು ಬೆರಳಿನಲ್ಲಿ ಒತ್ತಿ ತೋರಿಸಿದಳು. "ಇದೆಂತ ಹೀಗೆ ಬಾತುಕೊಳ್ಳುವುದು?" ಎಂದು ಕೇಳಿದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ನಾನು ಪೇಪರಿನಿಂದ ತಲೆ ಎತ್ತದೆ, "ಬಸ್ಸಿನಲ್ಲಿ ನಿಂತುಕೊಂಡು ಹೋಗುವುದು, ಅದರ ಮೇಲೆ ಈ ರಸ್ತೆ. ಬಾತುಕೊಳ್ಳದೆ ಇನ್ನೆಂತ ಆಗ್ತದೆ?" ಎಂದೆ. ಬಾಯಾರಿಗೆ ಹೋಗುವುದು ಹೈವೇಯೇ ಅಲ್ಲ, ಅಲ್ಲಿ ಯಾರೂ ಅಗೆದಿರಲಿಲ್ಲ. ಆದರೂ ಹೇಳಿದೆ. ಆಮೇಲೆ ಅವಳಿಗೆ ಸುಸ್ತು ಎಂದಾಗ ರಸ್ತೆ, ಊಟ ಸೇರುವುದಿಲ್ಲ ಎಂದಾಗ ರಸ್ತೆಯ ಧೂಳು. ಹೀಗೆ ಎಂಟು ತಿಂಗಳು ಕಳೆದ ಮೇಲೆ ಮಂಗಳೂರಿನ ಒಬ್ಬ ಡಾಕ್ಟರು ಅವಳ ರಕ್ತದ ರಿಪೋರ್ಟನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಇಷ್ಟು ದಿನ ಎಲ್ಲಿದ್ರಿ ನೀವು?" ಎಂದು ಕೇಳಿದರು. "ರಸ್ತೆ..." ಎಂದು ನಾನು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿದರು. ನಾನು ಬಾಯಿ ಮುಚ್ಚಿದೆ.

ಎರಡು ಕಿಡ್ನಿಗಳೂ ಸೋತಿದ್ದವು. ನಾಲ್ಕು ನಗುವಿನ ಮಾತು ಬರೆಯಲು ಕೂತವನು ಇಂಥದ್ದನ್ನೆಲ್ಲ ಎಳೆದು ತರಬಾರದು ಎಂದು ನನಗೂ ಗೊತ್ತು. ಆದರೆ ನಮ್ಮ ಮನೆಯಲ್ಲಿ ನಗುವುದಕ್ಕೆ ಈಗ ಬೇರೆ ಸಾಮಾನು ಇಲ್ಲ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅವಳಿಗೆ ಮಂಗಳೂರಿನಲ್ಲಿ ಡಯಾಲಿಸಿಸ್. ಒಂದು ಸಲಕ್ಕೆ ನಾಲ್ಕು ಗಂಟೆ. ಹತ್ತಿರದ ಒಂದು ಆಸ್ಪತ್ರೆಯಲ್ಲೂ ಹೆಸರು ಬರೆಸಿದ್ದೆವು. ಜಾಗ ಖಾಲಿಯಾದರೆ ಫೋನ್ ಮಾಡುತ್ತೇವೆ ಎಂದಿದ್ದರು. ನಾನು ವಾರಕ್ಕೊಮ್ಮೆ ಹೋಗಿ ಖಾಲಿಯಾಯಿತಾ ಎಂದು ವಿಚಾರಿಸುತ್ತಿದ್ದೆ. ಅಲ್ಲಿ ಜಾಗ ಖಾಲಿಯಾಗುವುದು ಹೇಗೆ ಎಂದು ಒಂದು ದಿನ ಹೊಳೆದ ಮೇಲೆ ವಿಚಾರಿಸುವುದನ್ನು ಬಿಟ್ಟೆ. ನನ್ನ ಕಿಡ್ನಿ ಒಂದು ಕೊಡುತ್ತೇನೆ ಎಂದು ಎದೆಯುಬ್ಬಿಸಿ ಹೇಳಿದ್ದೂ ಉಂಟು. ಡಾಕ್ಟರು ನನ್ನ ಸಕ್ಕರೆಯ ರಿಪೋರ್ಟು ನೋಡಿ, ನಿಮ್ಮದನ್ನು ನೀವೇ ಜೋಪಾನವಾಗಿ ಇಟ್ಟುಕೊಳ್ಳಿ ಎಂದರು. ಬದಿಯಡ್ಕದಲ್ಲಿರುವ ಮಗಳು ತಾನು ಕೊಡುತ್ತೇನೆ ಎಂದು ಹೊರಟು ಬಂದಳು. "ನಿನ್ನ ಮಕ್ಕಳು ಇನ್ನೂ ಸಣ್ಣವು. ಆ ಮಾತು ಇಲ್ಲಿಗೆ ಬಿಡು" ಎಂದು ವನಜಾಕ್ಷಿ ಎದ್ದು ಅಡುಗೆಮನೆಗೆ ಹೋದಳು. ಅವಳು ಒಮ್ಮೆ ಎದ್ದು ಹೋದರೆ ಮಾತು ಮುಗಿಯಿತೆಂದೇ ಅರ್ಥ.

ಹಾಗಾಗಿ ನನಗೆ ಉಳಿದದ್ದು ಕಾರು ಬಿಡುವ ಕೆಲಸ. ಅದನ್ನು ಮಾತ್ರ ನಾನು ನಿಷ್ಠೆಯಿಂದ ಮಾಡಿದೆ. ಬೆಳಿಗ್ಗೆ ಆರಕ್ಕೆ ಹೊರಡುವುದು, ಅವಳನ್ನು ಒಳಗೆ ಬಿಟ್ಟು ಹೊರಗೆ ಬೆಂಚಿನಲ್ಲಿ ಕೂರುವುದು, ಬಾಡಿದ ಬಸಳೆಯ ಹಾಗೆ ಹೊರಗೆ ಬಂದವಳನ್ನು ಮೆಲ್ಲ ಕೂರಿಸಿಕೊಂಡು ವಾಪಸು ಬರುವುದು. ಊರಿನಲ್ಲಿ ನನ್ನ ಹೆಸರು ಇದ್ದಕ್ಕಿದ್ದ ಹಾಗೆ ಮೇಲೆ ಹೋಯಿತು. "ಗಂಡ ಅಂದ್ರೆ ಹಾಗೆ ಇರ್ಬೇಕು" ಎಂದು ಮೀನು ತೆಗೆದುಕೊಳ್ಳುವಲ್ಲಿ ಹೆಂಗಸರು ಹೇಳುತ್ತಿದ್ದರು. ನಾನು ಕೇಳಿಸದವನ ಹಾಗೆ ನಿಂತು, ಎರಡನೆಯ ಸಲವೂ ಕೇಳಿಸಿಕೊಂಡು ಬರುತ್ತಿದ್ದೆ. ಮೂವತ್ತೊಂದು ವರ್ಷ ಬೈಗುಳ ತಿಂದವನಿಗೆ ಹೊಗಳಿಕೆ ಹಬ್ಬದೂಟ. ಈ ಹೆಂಗಸನ್ನು ಬದುಕಿಸುತ್ತಿರುವುದು ನಾನು ಎಂದು ನನಗೂ ಒಂದು ಸಣ್ಣ ಭ್ರಮೆ ಹತ್ತಿತ್ತು.

ಈಗ ಕಾರಿನ ವಿಷಯ. ನಮ್ಮದು ಹದಿನಾಲ್ಕು ವರ್ಷದ ಸಣ್ಣ ಬಿಳಿ ಕಾರು. ಅದರ ಸ್ಟೀರಿಂಗ್ ಮೆಲ್ಲಮೆಲ್ಲನೆ ಸಡಿಲಾಯಿತು. ಮೆಲ್ಲಮೆಲ್ಲನೆ ಆದದ್ದರಿಂದ ನನಗೆ ತಿಳಿಯಲಿಲ್ಲ ಎನ್ನುವುದು ನನ್ನ ಸಮಜಾಯಿಷಿ. ಕೈ ತಿರುಗಿಸಿದ ಕೂಡಲೇ ಕಾರು ತಿರುಗುತ್ತಿರಲಿಲ್ಲ; ಸ್ವಲ್ಪ ಯೋಚನೆ ಮಾಡಿ ತಿರುಗುತ್ತಿತ್ತು. ಕಚೇರಿಯಲ್ಲಿ ಇದ್ದವನಿಗೆ ಇದು ಅಸಹಜವಾಗಿ ಕಾಣಲಿಲ್ಲ. ನೇರ ದಾರಿಯಲ್ಲೂ ಸ್ಟೀರಿಂಗನ್ನು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸುತ್ತಲೇ ಇರಬೇಕಿತ್ತು, ಮಗುವಿನ ತೊಟ್ಟಿಲು ತೂಗಿದ ಹಾಗೆ. ಎಡಗಡೆಯ ಸೀಟಿನಲ್ಲಿ ಕೂತ ವನಜಾಕ್ಷಿ ಒಮ್ಮೆ, "ಇದು ಎಡಕ್ಕೆ ಎಳೀತದಲ್ಲ?" ಎಂದಳು. "ರಸ್ತೆ ಓರೆ ಉಂಟು" ಎಂದೆ. ಇನ್ನೊಮ್ಮೆ, "ಕೆಳಗಿನಿಂದ ಟಕ್ ಅಂತ ಕೇಳ್ತದೆ" ಎಂದಳು. "ಜಲ್ಲಿ" ಎಂದೆ. ಮೂರನೆಯ ಸಲ ಅವಳು ಹೇಳಿದ್ದು ಎಂತ ಎಂದು ನನಗೆ ನೆನಪೇ ಇಲ್ಲ. ನಾನು ಹೇಳಿದ್ದು ನೆನಪಿದೆ: ರಸ್ತೆ.

ಕೊನೆಗೆ ರಸ್ತೆ ಸರಿಯಾಯಿತು. ಇದು ನಾನು ನಿರೀಕ್ಷಿಸದ ಸಂಕಟ. ತಲಪಾಡಿಯ ಕಡೆಗೆ ಆರು ಪಥದ ಕಪ್ಪು ರಸ್ತೆ, ದೋಸೆ ಕಾವಲಿಯ ಹಾಗೆ ನುಣ್ಣಗೆ ಹಾಸಿಕೊಂಡಿತು. ಅದರ ಮೇಲೂ ನನ್ನ ಕಾರು ಮೊದಲಿನ ಹಾಗೆಯೇ ಅತ್ತಿತ್ತ ಓಲಾಡಿತು. ಮೊದಲ ವಾರ, ಕಾರಿಗೆ ಹೊಸ ರಸ್ತೆಯ ಅಭ್ಯಾಸ ಇಲ್ಲ ಎಂದುಕೊಂಡೆ. ಎರಡನೆಯ ವಾರ ಸಮುದ್ರದ ಗಾಳಿ ಎಂದುಕೊಂಡೆ. ಮೂರನೆಯ ವಾರ ನನ್ನ ಕೈಯಲ್ಲಿ ವ್ಯಾಪ್ತಿಗಳೆಲ್ಲ ಮುಗಿದುಹೋದವು. ಆಗ ನೆರೆಮನೆಯ ಸಂಜೀವಣ್ಣನನ್ನು ಕೇಳಿದೆ. ಸಂಜೀವಣ್ಣ ಗಲ್ಫಿನಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು. ಅಲ್ಲಿ ಅವರು ಎಂತ ಕೆಲಸದಲ್ಲಿದ್ದರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ, ಆದರೆ ಅವರಿಗೆ ಗೊತ್ತಿಲ್ಲದ್ದು ಎಂತದೂ ಇಲ್ಲ. ವನಜಾಕ್ಷಿಗೆ ಕಾಯಿಲೆ ಎಂದು ತಿಳಿದ ದಿನವೇ ಒಂದು ಗೊನೆ ಬೊಂಡ, ಎಂದರೆ ಎಳನೀರು, ತಂದು ಜಗಲಿಯಲ್ಲಿ ಇಟ್ಟವರು ಅವರು. "ದಿನಕ್ಕೆ ಎರಡು ಬೊಂಡ ಕುಡೀಲಿ, ಕಿಡ್ನಿ ತೊಳೆದು ಹೋಗ್ತದೆ" ಎಂದಿದ್ದರು. ಅವಳಿಗೆ ಬೊಂಡದ ನೀರು ವಿಷ, ಹೃದಯವೇ ನಿಂತೀತು ಎಂದು ಡಾಕ್ಟರು ಹೇಳಿದ್ದನ್ನು ಸಂಜೀವಣ್ಣನಿಗೆ ಹೇಳುವ ಧೈರ್ಯ ನಮಗೆ ಆಗಲಿಲ್ಲ. ಈಗಲೂ ತಿಂಗಳಿಗೊಂದು ಗೊನೆ ಬರುತ್ತದೆ. ಸಕ್ಕರೆ ಕಾಯಿಲೆಯ ನಾನು ಕದ್ದು ಕುಡಿಯುತ್ತೇನೆ.

ಸಂಜೀವಣ್ಣ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಡದ ಟೈರಿಗೆ ಒದ್ದು, "ಗಾಳಿ ಕಮ್ಮಿ" ಎಂದರು. ಗಾಳಿ ತುಂಬಿಸಿದೆ. ಗಾಳಿ ತುಂಬಿದ ಉತ್ಸಾಹದಲ್ಲಿ ಕಾರು ಇನ್ನೂ ಹೆಚ್ಚು ಓಲಾಡಿತು. "ಹಾಗಾದ್ರೆ ಅಲೈನ್‌ಮೆಂಟ್" ಎಂದರು. ಅಲೈನ್‌ಮೆಂಟ್ ಅಂಗಡಿಯಲ್ಲಿ ನಾಲ್ಕು ಚಕ್ರಗಳಿಗೂ ಕನ್ನಡಿಯಂಥದ್ದನ್ನು ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಕೆಂಪು ಗೆರೆಗಳನ್ನು ಹಸಿರು ಮಾಡಿ, ಅಚ್ಚು ಹಾಕಿದ ಕಾಗದವನ್ನು ನನ್ನ ಕೈಗೆ ಕೊಟ್ಟರು. ಕಾಗದ ಕೈಗೆ ಬಂದರೆ ನನಗೆ ಸಮಾಧಾನ; ಅದು ಹಳೆಯ ರೋಗ. ಒಂದು ವಾರ ಆ ಕಾಗದವನ್ನು ನಂಬಿಕೊಂಡು ಕಾರು ಬಿಟ್ಟೆ. ಕಾಗದದಲ್ಲಿ ಕಾರು ನೇರ ಹೋಗುತ್ತಿತ್ತು.

ಗ್ಯಾರೇಜಿಗೆ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಕಾರು ಅಲ್ಲಿ ಸಿಕ್ಕಿಕೊಂಡರೆ ಡಯಾಲಿಸಿಸ್ ತಪ್ಪುತ್ತದೆ ಎಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ಶನಿವಾರ, ಆದಿತ್ಯವಾರ, ಸೋಮವಾರ ಮೂರು ದಿನವೂ ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಬಾತ ಕಾಲು ತೋರಿಸಿ ಬರೋಣ ಎಂದು ಹೋದವಳು ಆವತ್ತು ಹೇಗೆ ಹಿಂದೆ ಬಂದಳು ಎಂದು ನಾನು ಕಂಡಿದ್ದೆ. ಬಿಚ್ಚಿ ನೋಡುವವರ ಹತ್ತಿರ ಹೋದರೆ ಎಂತದಾದರೂ ಸಿಕ್ಕಿಯೇ ಸಿಗುತ್ತದೆ. ಸಿಕ್ಕಿದ ಮೇಲೆ ಅದು ನಮ್ಮದಾಗುತ್ತದೆ. ಅದಕ್ಕಿಂತ ರಸ್ತೆ ವಾಸಿ ಅಂತ ನನ್ನ ಬುದ್ಧಿ ಹೇಳಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಮಂಗಳೂರಿನಿಂದ ವಾಪಸು ಬರುತ್ತಿದ್ದೆವು. ವನಜಾಕ್ಷಿ ಕಣ್ಣು ಮುಚ್ಚಿ ಒರಗಿದ್ದಳು. ಉಪ್ಪಳ ಹತ್ತಿರವಾಗುತ್ತಾ ಹೈವೇ ಬಿಟ್ಟು ಸರ್ವಿಸ್ ರೋಡಿಗೆ ಇಳಿದೆ. ಅದು ಅಗಲವಿಲ್ಲದ ದಾರಿ. ಬಲಕ್ಕೆ ಹೈವೇಯ ಎತ್ತರದ ಗೋಡೆ, ಎಡಕ್ಕೆ ಚರಂಡಿಯ ಚಪ್ಪಡಿ. ಎಡದ ಒಂದು ಓಣಿಯಿಂದ ಸ್ಕೂಟರ್ ಒಂದು ಫಕ್ಕನೆ ಮುಂದೆ ಬಂತು. ಗಂಡಸು, ಹಿಂದೆ ಹೆಂಗಸು, ಅವಳ ಕೈಯಲ್ಲಿ ಮಗು. ನಾನು ಬಲಕ್ಕೆ ತಿರುಗಿಸಿದೆ. ಸ್ಟೀರಿಂಗ್ ತಿರುಗಿತು, ಕಾರು ತಿರುಗಲಿಲ್ಲ. ಮತ್ತಷ್ಟು ತಿರುಗಿಸಿದೆ. ಆಗ ಕಾರಿಗೆ ಎಚ್ಚರವಾಗಿ, ಹಾರಿ ಹೋಗಿ ಗೋಡೆಗೆ ಬದಿ ಉಜ್ಜಿ ನಿಂತಿತು. ಸ್ಕೂಟರಿಗೂ ನಮಗೂ ನಡುವೆ ಒಂದು ಗೇಣು ಇದ್ದಿರಬೇಕು. ಗಂಡಸು ಇಳಿದು ಬಂದು ಮಲಯಾಳದಲ್ಲಿ ಬೈದ. ಬೈಗುಳ ನನಗೆ ಹೊಸದಲ್ಲ, ತಡೆದುಕೊಂಡೆ. ಹೆಂಗಸು ಬೈಯಲಿಲ್ಲ. ಮಗುವಿನ ತಲೆಯನ್ನು ಅಂಗೈಯಿಂದ ಎದೆಗೆ ಒತ್ತಿ ಹಿಡಿದುಕೊಂಡು, ನಮ್ಮನ್ನು ನೋಡುತ್ತಾ ನಿಂತಳು. ಅದನ್ನು ತಡೆದುಕೊಳ್ಳಲು ಆಗಲಿಲ್ಲ.

ಅವರು ಹೋದ ಮೇಲೆ ನಾನು, "ಈ ಸರ್ವಿಸ್ ರೋಡ್ ಉಂಟಲ್ಲ..." ಎಂದು ಸುರುಮಾಡಿದೆ.

"ರೋಡ್ ಅದರಷ್ಟಕ್ಕೆ ಉಂಟು" ಎಂದಳು ವನಜಾಕ್ಷಿ. ಕಣ್ಣುಗಳು ಪೂರ್ತಿ ತೆರೆದಿದ್ದವು. "ನಾಳೆ ಬೆಳಿಗ್ಗೆ ಇಬ್ರಾಯಿಚ್ಚನ ಗ್ಯಾರೇಜಿಗೆ ಹೋಗುವ. ನಾನೂ ಬರ್ತೇನೆ."

ಇಬ್ರಾಯಿಚ್ಚನ ಗ್ಯಾರೇಜು ಬಾಯಾರಿಗೆ ಹೋಗುವ ರಸ್ತೆಯ ಬದಿಯಲ್ಲಿದೆ. ಅರುವತ್ತು ದಾಟಿದ ಮನುಷ್ಯ. ಬಿಳಿ ಗಡ್ಡಕ್ಕೂ ಅಲ್ಲಲ್ಲಿ ಗ್ರೀಸು ತಾಗಿರುತ್ತದೆ. ಆ ದಿನ ಗ್ಯಾರೇಜಿನಲ್ಲಿ ಅವರೊಬ್ಬರೇ ಇದ್ದರು. ಟೀಚರಿಗೆ ಕುರ್ಚಿ ಒರೆಸಿ ಕೊಟ್ಟು, ನನ್ನ ಕಡೆ ತಿರುಗಿ ಡಾಕ್ಟರರ ಹಾಗೆಯೇ ವಿಚಾರಣೆ ಸುರುಮಾಡಿದರು. "ಎಷ್ಟು ಸಮಯ ಆಯ್ತು ಸಾರ್, ಹೀಗೆ ಆಗ್ಲಿಕ್ಕೆ ಹಿಡಿದು?"

"ಒಂದು ಹದಿನೈದು ದಿನ" ಎಂದೆ.

ಅವರು ಕಿಟಕಿಯಿಂದ ಕೈ ಹಾಕಿ ಒಂದೇ ಬೆರಳಿನಲ್ಲಿ ಸ್ಟೀರಿಂಗನ್ನು ಅತ್ತಿತ್ತ ಆಡಿಸಿದರು. ಹುಬ್ಬು ಮೇಲೆ ಹೋಯಿತು. ನಾನು ಅಲೈನ್‌ಮೆಂಟಿನ ಕಾಗದವನ್ನು ಮುಂದೆ ಹಿಡಿದೆ. "ಅಲ್ಲಾಡುವ ಹಲ್ಲಿಗೆ ಬ್ರಶ್ ಮಾಡಿ ಎಂತ ಸಾರ್ ಪ್ರಯೋಜನ?" ಎಂದು ಅದನ್ನು ನೋಡದೆ ವಾಪಸು ಕೊಟ್ಟರು. ಆಮೇಲೆ ಒಂದು ಗೋಣಿ ಹಾಸಿ ಕಾರಿನ ಅಡಿಗೆ ನುಗ್ಗಿದರು. ಇದರ ರೀತಿ ಹೀಗೆ: ಒಬ್ಬರು ಮೇಲೆ ಕೂತು ಸ್ಟೀರಿಂಗನ್ನು ಸ್ವಲ್ಪವೇ ಸ್ವಲ್ಪ ಎಡಬಲ ಆಡಿಸಬೇಕು. ಇನ್ನೊಬ್ಬರು ಅಡಿಯಲ್ಲಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟು ನೋಡಬೇಕು. ಮೇಲಿನವರು ಆಡಿಸಿದ್ದು ಎಲ್ಲಿಯವರೆಗೆ ಬಂದು ಎಲ್ಲಿ ಕಳೆದುಹೋಗುತ್ತದೋ, ರೋಗ ಅಲ್ಲಿದೆ.

ಮೇಲೆ ಕೂತವನು ನಾನು. "ಆಡಿಸಿ" ಎಂಬ ದನಿ ಕೇಳಿದ್ದೇ ಆಡಿಸಿದೆ. "ಅಯ್ಯೋ ಸಾರ್, ಬಸ್ಸು ತಿರುಗಿಸುವುದಲ್ಲ! ಮೆಲ್ಲ, ಮೆಲ್ಲ" ಎಂದು ಅಡಿಯಿಂದ ಬೊಬ್ಬೆ ಬಂತು. ಮೆಲ್ಲಗೆ ಆಡಿಸಿದೆ. "ಈಗ ಚಕ್ರಕ್ಕೆ ತಾಗುವುದು ಯಾವಾಗ ಅಂತ ನಿಮ್ಮ ಕೈಗೆ ಗೊತ್ತಾಗ್ತದೆ. ಗೊತ್ತಾದ ಕೂಡ್ಲೆ ಹೇಳಿ." ನಾನು ಕಣ್ಣು ಮುಚ್ಚಿ, ಉಸಿರು ಹಿಡಿದು ಕಾದೆ. ನನ್ನ ಕೈಗೆ ಎಂತದೂ ಗೊತ್ತಾಗಲಿಲ್ಲ. ಮರ್ಯಾದೆಗೆ, "ಈಗ" ಎಂದೆ. "ಈಗ ಅಲ್ಲ" ಎಂದರು ಇಬ್ರಾಯಿಚ್ಚ. ಸ್ವಲ್ಪ ಬಿಟ್ಟು ಪುನಃ "ಈಗ" ಎಂದೆ. ಆಗ ವನಜಾಕ್ಷಿ ಎದ್ದು ಬಂದು, "ಇಳೀರಿ ನೀವು" ಎಂದಳು.

ಅವಳು ಡ್ರೈವರ್ ಸೀಟಿನಲ್ಲಿ ಕೂತದ್ದನ್ನು ನಾನು ಹತ್ತು ಹನ್ನೆರಡು ವರ್ಷಗಳ ಮೇಲೆ ನೋಡಿದೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಲೈಸನ್ಸಿಗೆ ನಾವಿಬ್ಬರೂ ಒಟ್ಟಿಗೆ ಹೋದವರು. ಕೇರಳದಲ್ಲಿ ನೆಲಕ್ಕೆ ಕಂಬಗಳನ್ನು ನೆಟ್ಟು, ಅದರ ನಡುವೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾರನ್ನು ಹಿಂದೆ ಮುಂದೆ ಓಡಿಸಿ ತೋರಿಸಬೇಕು. ನಾನು ಎರಡು ಸಲ ಕಂಬ ಬೀಳಿಸಿ, ಮೂರನೆಯ ಸಲ ಪಾಸಾದೆ. ಅವಳು ಮೊದಲನೆಯ ಸಲವೇ ಕಂಬದ ನೆರಳಿಗೂ ತಾಗಿಸದೆ ಎಚ್ ಬರೆದಿದ್ದಳು. ಆಮೇಲೆ ಅವಳು ಲೈಸನ್ಸನ್ನು ಪರ್ಸಿನಲ್ಲಿ ಇಟ್ಟುಕೊಂಡಳು, ನಾನು ಕಾರಿನ ಕೀಲಿಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೆ. ಹಾಗೆ ಆಗಬೇಕೆಂದು ಯಾರೂ ಹೇಳಿರಲಿಲ್ಲ, ಸುಮ್ಮನೆ ಹಾಗಾಯಿತು.

ಅವಳ ಎಡಗೈಯಲ್ಲಿ, ಮಣಿಕಟ್ಟಿನ ಮೇಲೆ, ಡಯಾಲಿಸಿಸಿನ ಸೂಜಿಗಾಗಿ ಡಾಕ್ಟರು ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುನೊಣ ಇದ್ದ ಹಾಗೆ ಗುಂಯ್‌ಗುಡುತ್ತದೆ. ಗುಂಯ್ ನಿಂತರೆ ಅಪಾಯ, ಕೂಡಲೇ ಬರಬೇಕು ಎಂದು ನರ್ಸು ಹೇಳಿದ್ದಾಳೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳು ಬಲಗೈಯ ಎರಡು ಬೆರಳು ಅಲ್ಲಿ ಇಟ್ಟು ಒಂದು ಗಳಿಗೆ ಕೂರುತ್ತಾಳೆ. ಅದೇ ಮುಖ ಮಾಡಿಕೊಂಡು ಈಗ ಸ್ಟೀರಿಂಗ್ ಹಿಡಿದಳು. ಇಲ್ಲಿಂದಲ್ಲಿಗೆ ಕೂದಲೆಳೆಯಷ್ಟು ಆಡಿಸಿದಳು. "ಇಬ್ರಾಯಿಚ್ಚ, ಇಲ್ಲಿಂದ ಇಲ್ಲಿಯವರೆಗೆ ಎಂತದೂ ಇಲ್ಲ, ಖಾಲಿ" ಎಂದಳು. "ಇಲ್ಲಿ ಟಕ್ ಅಂತದೆ. ಈಗ. ಎರಡು ಬೆರಳಷ್ಟು ಸಡಿಲ ಉಂಟು. ಎಡದ ಬದಿಯಲ್ಲಿ."

"ಸಿಕ್ಕಿತು ಟೀಚರೇ" ಎಂದಿತು ಅಡಿಯ ದನಿ.

ಇಬ್ರಾಯಿಚ್ಚ ಆ ಭಾಗವನ್ನು ಬಿಚ್ಚಿ ತಂದು ನನ್ನ ಅಂಗೈಯಲ್ಲಿ ಇಟ್ಟರು. ಸ್ಟೀರಿಂಗಿನ ಮಾತನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಬ ಸರಳಿನ ತುದಿ. ಅದರಲ್ಲಿ ಒಂದು ಗುಂಡು, ಗುಂಡಿಗೆ ಒಂದು ಗೂಡು. ಮೇಲಿನ ರಬ್ಬರು ಹರಿದು, ಒಳಗೆ ಮಣ್ಣು ಸೇರಿ, ಗೂಡು ಸವೆದು ಗುಂಡು ಗಡಗಡ ಆಡುತ್ತಿತ್ತು. "ಇದು ಕಳಚಿದ್ರೆ ನೀವು ಸ್ಟೀರಿಂಗ್ ಹಿಡ್ಕೊಂಡು ಕೂತ್ಕೊಳ್ಬಹುದು ಸಾರ್, ಚಕ್ರ ಅದರ ಇಷ್ಟಕ್ಕೆ ಹೋಗ್ತದೆ" ಎಂದರು. "ಇನ್ನು ಎಷ್ಟು ದಿನ ಬರ್ತಿತ್ತೋ ದೇವರಿಗೇ ಗೊತ್ತು. ಮತ್ತೆ, ಇದು ಹದಿನೈದು ದಿನದ್ದಲ್ಲ. ಒಂದು ವರ್ಷ ಆದ್ರೂ ಆಗಿರ್ಬೇಕು. ಇಷ್ಟು ದಿನ ಯಾಕೆ ತರ್ಲಿಲ್ಲ?" ನನಗೆ ಕನ್ನಡಕ ತೆಗೆದ ಡಾಕ್ಟರರ ಮುಖ ಕಂಡಿತು.

"ಹೋದ ವರ್ಷದ ಆಟಿ ತಿಂಗಳಿನಿಂದ" ಎಂದಳು ವನಜಾಕ್ಷಿ, ಕಾರಿನಿಂದ ಇಳಿಯುತ್ತಾ.

ಹೊಸ ಸಾಮಾನು ತರಲು ಇ‌ಬ್ರಾಯಿಚ್ಚ ಸ್ಕೂಟರಿನಲ್ಲಿ ಉಪ್ಪಳಕ್ಕೆ ಹೋದರು. ಹೋಗುವ ಮುಂಚೆ ನಮಗೆ ಎರಡು ಗ್ಲಾಸು ಲಿಂಬೆ ಶರಬತ್ತು ಪಕ್ಕದ ಅಂಗಡಿಯಿಂದ ತಂದುಕೊಟ್ಟರು. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯಬಾರದ ಹೆಂಗಸು ಒಂದು ಗುಟುಕು ಬಾಯಿ ಒದ್ದೆ ಮಾಡಿ ಗ್ಲಾಸನ್ನು ನನ್ನ ಕಡೆ ಸರಿಸಿದಳು. ನಾನು ಕೈಯಲ್ಲಿದ್ದ ಕಬ್ಬಿಣದ ತುಂಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ.

"ಆಟಿಯಿಂದಲೇ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳ್ಬಹುದಿತ್ತಲ್ಲ?"

"ಮೂರು ಸಲ ಹೇಳಿದೆ. ನೀವು ರಸ್ತೆ ಅಂದ್ರಿ."

"ನಾಲ್ಕನೇ ಸಲ ಹೇಳ್ಬೇಕಿತ್ತು. ಗಲಾಟೆ ಮಾಡ್ಬೇಕಿತ್ತು."

ಅವಳ ಶಾಲೆಯ ಕಡೆಗೆ ಹೋಗುವ ಬಸ್ಸೊಂದು ದಾಟಿಹೋಯಿತು. "ಮತ್ತೆ ನನಗೇ ಬೇಡ ಅಂತ ಕಂಡಿತು" ಎಂದಳು. "ಮಂಗಳವಾರ, ಶುಕ್ರವಾರ, ಪುನಃ ಮಂಗಳವಾರ. ಸಾಕಾಗಿತ್ತು. ಹೇಗೂ ಒಮ್ಮೆ ಆಗುವುದೇ ಅಲ್ವಾ. ಹೋಗುವ ದಾರಿಯಲ್ಲಿ ಆಗಿಹೋದ್ರೆ ಆ ದಿನದ ಸೂಜಿಯಾದ್ರೂ ಉಳೀತು ಅಂತ. ಅದಕ್ಕೆ ಸುಮ್ಮನೆ ಕೂತೆ."

ಒಂದು ವರ್ಷ. ನೂರು ಸಲ ಹೋಗಿ ಬಂದಿದ್ದೆವು. ನೂರು ಸಲವೂ ಅವಳನ್ನು ಬದುಕಿಸಲಿಕ್ಕೆಂದು ನಾನು ಕಾರು ಬಿಟ್ಟಿದ್ದೆ, ಅವಳು ಪಕ್ಕದಲ್ಲಿ ಕೂತು ಆ ಟಕ್ ಎಂಬ ಶಬ್ದ ಕೇಳುತ್ತಾ ಕಾದಿದ್ದಳು. ನಾನು ಹೇಳಬಾರದ್ದನ್ನೇ ಹೇಳಿದೆ: "ಆ ಕಾರಿನಲ್ಲಿ ನಾನೂ ಇದ್ದೆನಲ್ಲ ಮಾರಾಯ್ತಿ?"

"ನೀವಿಲ್ಲದೆ ಕಾರು ಬಿಡುವುದು ಯಾರು?" ಎಂದಳು.

ಹೇಳಿದ ಮೇಲೆ ಅವಳಿಗೇ ನಗು ಬಂತು. ಅವಳು ಆ ಹಾಗೆ ನಕ್ಕು ಎರಡು ವರ್ಷ ಆಗಿತ್ತು. ಮೊದಲು ನಾನೂ ನಕ್ಕೆ. ಆಮೇಲೆ ನನಗೆ ಅಳು ಬಂತು. ಇಬ್ರಾಯಿಚ್ಚನ ಗ್ಯಾರೇಜಿನ ಬೆಂಚಿನಲ್ಲಿ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ಅರುವತ್ತರ ಹತ್ತಿರದ ನಾನು ಶಬ್ದ ಮಾಡಿ ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. "ಆ ಸ್ಕೂಟರಿನ ಹೆಂಗಸು ಮಗುವಿನ ತಲೆ ಹಿಡ್ಕೊಂಡಳು ನೋಡಿ" ಎಂದಳು. "ಅವಳೆಂತ ಮಾಡಿದ್ದಳು ನಮಗೆ? ನನಗೆ ಆವಾಗ ನಾಚಿಕೆ ಆಯ್ತು. ರಾತ್ರಿ ಇಡೀ ನಿದ್ದೆ ಬರ್ಲಿಲ್ಲ." ಆ ಕಬ್ಬಿಣದ ತುಂಡನ್ನು ನನ್ನ ಕೈಯಿಂದ ತೆಗೆದು ಬೆಂಚಿನ ಮೇಲಿಟ್ಟು, "ಇನ್ನು ಹೋಗುವಾಗ ಕಾರು ನಾನು ಬಿಡ್ತೇನೆ. ಬರುವಾಗ ನೀವು ಬಿಡಿ" ಎಂದಳು. ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ಎದ್ದು ಕಾರಿನ ಕಡೆ ಹೋದಳು. ಅವಳು ಎದ್ದು ಹೋದರೆ ಎಂತ ಅರ್ಥ ಎಂದು ಆಗಲೇ ಹೇಳಿದ್ದೇನೆ.

ಡಾಕ್ಟರು ಬೇಡ ಎನ್ನುತ್ತಾರೆ ಎಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ. ಮುಂದಿನ ಶುಕ್ರವಾರ ಅವರು ಅವಳ ಬಿ.ಪಿ. ನೋಡಿ, ಸ್ವಲ್ಪ ಯೋಚಿಸಿ, "ಹೋಗುವಾಗ ಅಡ್ಡಿ ಇಲ್ಲ, ಡಯಾಲಿಸಿಸ್ ಆದ ಮೇಲೆ ಮಾತ್ರ ಮುಟ್ಟಬೇಡಿ, ತಲೆ ತಿರುಗಿದ್ರೆ ಕೂಡ್ಲೆ ಬದಿಗೆ ನಿಲ್ಲಿಸಿ" ಎಂದುಬಿಟ್ಟರು. ಶನಿವಾರ, ಆದಿತ್ಯವಾರ ಅವಳು ಬಾಯಾರಿನ ರಸ್ತೆಯಲ್ಲಿ ಅಭ್ಯಾಸ ಮಾಡಿದಳು. ಮಂಗಳವಾರ ಬೆಳಿಗ್ಗೆ ಆರಕ್ಕೆ ಕೀಲಿಕೈಗೆ ಕೈ ಚಾಚಿದಳು. ಕೊಟ್ಟೆ.

ಎಡಗಡೆಯ ಸೀಟಿನಲ್ಲಿ ಕೂತು ಆ ದಾರಿಯನ್ನು ನಾನು ಮೊದಲ ಸಲ ನೋಡಿದ್ದು ಆವತ್ತು. ಕಾರು ಸರಿಯಾಗಿತ್ತು. ಇಬ್ರಾಯಿಚ್ಚ ಎರಡೂ ಬದಿಯ ಸಾಮಾನು ಬದಲಿಸಿ, ಹೊಸದಾಗಿ ಅಲೈನ್‌ಮೆಂಟ್ ಮಾಡಿಸಿ, ತಾವೇ ಓಡಿಸಿ ನೋಡಿ ಕೊಟ್ಟಿದ್ದರು. ಅವಳೂ ಚೆನ್ನಾಗಿಯೇ ಬಿಡುತ್ತಿದ್ದಳು, ಐವತ್ತರ ಮೇಲೆ ಹೋಗಲಿಲ್ಲ. ಹೆದರಿಕೆ ಇದ್ದದ್ದು ಬೇರೆ. ಬೆಂಚಿನಲ್ಲಿ ಕೂತು ಅವಳು ಹೇಳಿದ ಮಾತು ನನ್ನ ಕಿವಿಯಿಂದ ಹೋಗಿರಲಿಲ್ಲ. ಮನಸ್ಸು ಮಾಡಿದ ಹೆಂಗಸಿಗೆ ಸಡಿಲ ಸ್ಟೀರಿಂಗ್ ಯಾಕೆ ಬೇಕು, ಒಳ್ಳೆಯ ಸ್ಟೀರಿಂಗ್ ಸಾಲದೆ? ಎದುರು ದೊಡ್ಡ ಲಾರಿ ಕಂಡಾಗಲೆಲ್ಲ ಅವಳ ಕೈಯನ್ನು ನೋಡಿದೆ. ಸೇತುವೆಯ ಮೇಲೆ ಅವಳ ಮುಖ ನೋಡಿದೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನೋಯುತ್ತಿತ್ತು. ತೊಕ್ಕೊಟ್ಟು ದಾಟಿತು, ನೇತ್ರಾವತಿ ದಾಟಿತು, ಪೇಟೆಯ ಗಲಾಟೆ ಸುರುವಾಯಿತು. ಫಕ್ಕನೆ ಕಾರು ನೇರ ದಾರಿ ಬಿಟ್ಟು ಎಡಕ್ಕೆ ಹೊರಳಿತು.

"ಎಳೀತಾ ಉಂಟು! ಎಡಕ್ಕೆ ಎಳೀತಾ ಉಂಟು!" ಎಂದು ಬೊಬ್ಬೆ ಹೊಡೆದು ಹ್ಯಾಂಡ್‌ಬ್ರೇಕ್ ಹಿಡಿದೆ.

"ಎಳೀಲಿಲ್ಲ. ನಾನೇ ತಿರುಗಿಸಿದ್ದು" ಎಂದಳು ವನಜಾಕ್ಷಿ. "ಆಸ್ಪತ್ರೆ ಬಂತು. ಕೈ ತೆಗೀರಿ."

ಕೈ ತೆಗೆದೆ.